ಮಹಡಿಗೆ ಬಂದ ಬಿಸಿನೀರು

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ಮಹಡಿ ಹತ್ತಿ ಬಂದು, ಕೋಣೆಯ ಬಾಗಿಲು ಹಾಕಿ, ನನ್ನ ನೈಟಿ ಸರಿಸಿ ಹೊಟ್ಟೆ ನೋಡಿದರು. ಅಲ್ಲಲ್ಲಿ ಅಂಟಿಸಿದ ಐದು ಸಣ್ಣ ಪಟ್ಟಿಗಳನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಎಲ್ಲಿ ಕುಯ್ದವ್ರೆ?" ಎಂದು ಕೇಳಿದರು.

ಕುಯ್ದಿಲ್ಲ ಅತ್ತೆ, ಸಣ್ಣ ತೂತು ಮಾಡಿದ್ದಾರೆ, ರೋಬೋಟಿನಲ್ಲಿ ಮಾಡಿದ್ದು ಎಂದೆ. ಅವರು ಆ ಪಟ್ಟಿಗಳನ್ನೇ ಬಹಳ ಹೊತ್ತು ನೋಡುತ್ತಾ ನಿಂತರು. ನನಗೆ ರೇಗಿತು. ಸೊಸೆಯ ಹೊಟ್ಟೆಯೇನು ಸಂತೆಗೆ ಬಂದ ಸಾಮಾನೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ನೈಟಿ ಕೆಳಗೆಳೆದುಕೊಂಡೆ. ಅವರು ಇಳಿದುಹೋದರು. ಆ ನೋಟದಲ್ಲಿ ಏನಿತ್ತೆಂದು ಆಗಲೇ ಕೇಳಿದ್ದರೆ ಈಗ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಾನು ಜೆ.ಪಿ. ನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೆಣ್ಣಿನ ಒಳಾಂಗಗಳ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಅಂಥವಳು ಸ್ವಂತ ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆಯುತ್ತಿದ್ದರೂ ವರ್ಷಗಟ್ಟಲೆ ಅದನ್ನು ಮುಂದೂಡುತ್ತಾ ಬಂದಿದ್ದೆ. ತಿಂಗಳು ತಿಂಗಳು ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಆ ದಿನಗಳಲ್ಲಿ ಕಪ್ಪು ಅಥವಾ ಕಡು ನೀಲಿ ಸೀರೆಯನ್ನೇ ಉಡುತ್ತಿದ್ದೆ, ತರಗತಿಯಲ್ಲಿ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಕೊನೆಗೊಂದು ದಿನ ಪಾಠದ ಮಧ್ಯೆಯೇ ತಲೆ ಸುತ್ತಿ ಬಿದ್ದ ಮೇಲೆ ನನ್ನ ಯಜಮಾನರು ಕೋಣನಕುಂಟೆಯ ತಮ್ಮ ಹಾರ್ಡ್‌ವೇರ್ ಅಂಗಡಿಗೆ ಬೀಗ ಹಾಕಿ ಬಂದು, ನನ್ನನ್ನು ಜಯನಗರದ ಕಡೆಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು.

ಅಲ್ಲಿಯ ಡಾಕ್ಟರಮ್ಮ ಬಹಳ ಸಮಾಧಾನದ ಹೆಂಗಸು. "ರೋಬೋಟ್ ತಾನಾಗೇ ಏನೂ ಮಾಡಲ್ಲ ಮೇಡಂ. ನಾನು ಪಕ್ಕದಲ್ಲಿ ಕೂತ್ಕೊಂಡು ಸ್ಕ್ರೀನ್ ನೋಡ್ಕೊಂಡು ಕೈ ಆಡಿಸ್ತೀನಿ, ಅದರ ತೋಳು ನಿಮ್ಮ ಹೊಟ್ಟೆ ಒಳಗೆ ನಾನು ಹೇಳಿದಷ್ಟೇ ಮಾಡುತ್ತೆ" ಎಂದು ವಿವರಿಸಿದರು. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುತ್ತಾರಂತೆ, ತಲೆ ಕೆಳಗಾಗಿ ಕಾಲು ಮೇಲಾಗುವಂತೆ ಮಂಚವನ್ನು ಓರೆ ಮಾಡುತ್ತಾರಂತೆ. ಇದೆಲ್ಲ ನಡೆಯುವಾಗ ನನಗೆ ಎಚ್ಚರವೇ ಇರಲಿಲ್ಲ. ಎದ್ದಾಗ ಹೊಟ್ಟೆ ಕೊಂಚ ಬಿಗಿದಿತ್ತು, ಅದಕ್ಕಿಂತ ಜಾಸ್ತಿ ಭುಜ ನೋಯುತ್ತಿತ್ತು. ಒಳಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ನರ್ಸ್ ಹೇಳಿದಳು. ಮರುದಿನ ವಾರ್ಡಿನ ಉದ್ದಕ್ಕೂ ನನ್ನನ್ನು ನಡೆಸಿದರು. ಅದರ ಮಾರನೇ ದಿನ ಮನೆಗೆ ಕಳಿಸಿದರು.

ಕಳಿಸುವಾಗ ಡಾಕ್ಟರಮ್ಮ ಮುಖ್ಯವಾಗಿ ಎರಡು ಮಾತು ಹೇಳಿದ್ದರು. ಒಳಗಿನ ಹೊಲಿಗೆ ಮಾಯುವವರೆಗೆ, ಒಂದೂವರೆ ತಿಂಗಳು ಭಾರ ಎತ್ತಬಾರದು. ಮಿಕ್ಕಂತೆ ಓಡಾಡಿಕೊಂಡಿರಬೇಕು, ಮಲಗಿಯೇ ಇರಬಾರದು. ನಾನು ಮೊದಲನೆಯದನ್ನು ಮನೆಯಲ್ಲೆಲ್ಲ ಸಾರಿದೆ. ಎರಡನೆಯದನ್ನು ಯಾರಿಗೂ ಹೇಳಲಿಲ್ಲ.

ನಮ್ಮದು ಸಾರಕ್ಕಿಯ ಹಳೇ ಮನೆತನ. ಅತ್ತೆ ಮದುವೆಯಾಗಿ ಬಂದಾಗ ಈ ಬೀದಿಯ ಹಿಂದೆಲ್ಲ ಸೊಪ್ಪಿನ ತೋಟ, ಆಚೆಗೆ ಕೆರೆ. ಈಗ ತೋಟದ ಜಾಗದಲ್ಲಿ ನಮ್ಮದೇ ಮೂರಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಅತ್ತೆ, ಮೊದಲನೇ ಮಹಡಿಯಲ್ಲಿ ನಾವು, ಅದರ ಮೇಲೆ ಬಾಡಿಗೆಯವರು. ಮನೆ ಕಟ್ಟಿಸುವಾಗ ಅತ್ತೆ ಹಟ ಹಿಡಿದದ್ದು ಒಂದಕ್ಕೇ. ಹಿತ್ತಲಿನ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆಯನ್ನು ಕೀಳಕೂಡದು. ಅದಕ್ಕೆ ತೆಂಗಿನ ಗರಿ, ಅಂಗಡಿಯಿಂದ ಬರುವ ಹಲಗೆ ಚೂರು, ಕೈಗೆ ಸಿಕ್ಕಿದ್ದನ್ನೆಲ್ಲ ಉರಿ ಹಾಕಿ, ಊದುಕೊಳವೆ ಹಿಡಿದು ಕೆಮ್ಮುತ್ತಾ ಕೂರುವುದು ಅವರ ಬೆಳಗು. ಮೂರು ಮನೆಗೂ ಗೀಸರ್ ಇದೆ. "ಕರೆಂಟಿನ ನೀರು ಚರ್ಮಕ್ಕೆ ಬಿಸಿ, ಮೂಳೆಗೆ ತಣ್ಣಗೆ" ಎಂಬುದು ಅವರ ವಾದ.

ಪಟ್ಟಿ ತೆಗೆದು ಸ್ನಾನ ಮಾಡಬಹುದು ಎಂದಾದ ಮೇಲೆ ಅವರು ತೀರ್ಮಾನ ಹೇಳಿದರು. ಹೆತ್ತರೂ ಒಂದೇ, ಗರ್ಭಕೋಶ ತೆಗೆದರೂ ಒಂದೇ, ಹೆಂಗಸಿನ ಮೈಗೆ ಬಾಣಂತನ ಬೇಕು. ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಹಂಡೆಯ ನೀರನ್ನು ಬಕೆಟ್ಟಿಗೆ ತುಂಬಿ, ಮಹಡಿ ಹತ್ತಿ ತಂದು, ನನ್ನನ್ನು ನಮ್ಮ ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ ಬೆನ್ನಿಗೂ ಸೊಂಟಕ್ಕೂ ಹುಯ್ಯತೊಡಗಿದರು. ಆಮೇಲೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಮೆಣಸಿನ ಸಾರು. ನಾನು ಬೇಡ ಅನ್ನಬೇಕಿತ್ತು. ಒಮ್ಮೆ ಅಂದೆ ಕೂಡ, ಅವರಿಗೆ ಕೇಳಿಸದಷ್ಟು ಮೆಲ್ಲಗೆ.

ಏಕೆಂದರೆ ಅದು ಬಹಳ ಹಿತವಾಗಿತ್ತು. ನನ್ನ ತಾಯಿ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಈಗ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಮಗಳು ಹುಟ್ಟಿದಾಗ ಸಂಬಳಕ್ಕೆ ಬಂದ ಹೆಂಗಸೊಬ್ಬಳು ಗಡಿಯಾರ ನೋಡಿಕೊಂಡು ನನಗೆ ನೀರು ಹುಯ್ದು ಹೋಗುತ್ತಿದ್ದಳು. ಅತ್ತೆಗೆ ಆಗ ಸೊಂಟನೋವು ಎಂದು ನೆನಪು. ಈಗ ಈ ವಯಸ್ಸಿನಲ್ಲಿ ಯಾರೋ ನನ್ನ ಬೆನ್ನು ಉಜ್ಜಿ, ತಲೆ ಒರೆಸಿ, "ಕಾಲು ಚಾಚ್ಕೊಂಡು ಮಲಕ್ಕೊ" ಎಂದು ಹೊದಿಸಿ ಹೋಗುವುದು! ನಿಜ ಹೇಳಬೇಕೆಂದರೆ ಎರಡು ವಾರಕ್ಕೆಲ್ಲ ನಾನು ಚೆನ್ನಾಗಿದ್ದೆ. ಅತ್ತೆ ಕೆಳಗಿಳಿದ ಮೇಲೆ ಎದ್ದು ಮನೆಯೆಲ್ಲ ಓಡಾಡುತ್ತಿದ್ದೆ, ಬಟ್ಟೆ ಮಡಿಸಿಡುತ್ತಿದ್ದೆ, ಟೀವಿ ಹಾಕಿಕೊಂಡು ಚಕ್ಕುಲಿ ತಿನ್ನುತ್ತಿದ್ದೆ. ಮೆಟ್ಟಿಲಲ್ಲಿ ಅವರ ಚಪ್ಪಲಿ ಸದ್ದು ಕೇಳಿದ ಕೂಡಲೇ ಹಾಸಿಗೆ ಸೇರಿ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದೆ. ಸುಳ್ಳು ಹೊಟ್ಟೆನೋವು ಹೇಳಿಕೊಂಡು ಬರುವ ಮಕ್ಕಳನ್ನು ಸ್ಟಾಫ್ ರೂಮಿನ ಮುಂದೆ ನಿಲ್ಲಿಸಿ ಬೈಯುವವಳು ನಾನೇ.

ನೀರು ಹುಯ್ಯುವಾಗ ಅತ್ತೆ ಪ್ರಶ್ನೆ ಕೇಳುತ್ತಿದ್ದರು. ಮೊದಮೊದಲು ಸುಮ್ಮನೆ ಕುತೂಹಲ ಎಂದುಕೊಂಡೆ.

"ಆ ಮಿಷನ್ನು ಹತ್ರ ಬಂದಾಗ ಹೆದ್ರಿಕೆ ಆಯ್ತಾ?"

"ಎಚ್ಚರ ಇದ್ರೆ ತಾನೇ ಅತ್ತೆ ಹೆದ್ರಿಕೆ?"

"ಬಟ್ಟೆ ಎಲ್ಲಾ ಬಿಚ್ಚುಸ್ತಾರಾ? ಗಂಡಸ್ರು ಇರ್ತಾರಾ ಅಲ್ಲಿ?"

"ಇರ್ತಾರೆ. ಅವರಿಗೆ ನೋಡೋಕೆ ಬೇರೆ ಕೆಲಸ ಇರುತ್ತೆ."

ಇನ್ನೊಂದು ದಿನ ತಲೆಗೆ ನೀರು ಹುಯ್ಯುತ್ತಿದ್ದವರು ಚೊಂಬನ್ನು ಹಾಗೇ ಹಿಡಿದು ನಿಂತು ಕೇಳಿದರು. "ವಯಸ್ಸಾದೋರ್ಗೂ ಮಾಡ್ತಾರಾ ಅದ್ನ?"

ನನ್ನ ಕಣ್ಣಿಗೆ ಸೋಪು ಹೋಗಿತ್ತು. "ನಿಮಗ್ಯಾಕತ್ತೆ ಅದೆಲ್ಲ? ನಿಮ್ಮದು ಗಟ್ಟಿಪಿಂಡ. ಮೊದಲು ನೀರು ಹುಯ್ಯಿ" ಎಂದೆ. ಅವರು ಹುಯ್ದರು.

ಅವತ್ತೇ ಇರಬೇಕು, ಶಾಲೆಯ ಗೆಳತಿಯೊಬ್ಬಳು ಯೋಗಕ್ಷೇಮ ಕೇಳಲು ಫೋನ್ ಮಾಡಿದಳು. ಮಲಗಿ ಮಲಗಿ ನನಗೂ ಬೇಜಾರಾಗಿತ್ತು, ಹೇಳಲು ಬೇರೆ ಸುದ್ದಿ ಇರಲಿಲ್ಲ. "ನಮ್ಮತ್ತೆಗೂ ರೋಬೋಟ್ ಬೇಕಂತೆ ಕಣೇ! ಬಟ್ಟೆ ಬಿಚ್ಚಿಸ್ತಾರಾ ಅಂತ ವಿಚಾರಿಸ್ತಾರೆ. ಈ ವಯಸ್ಸಲ್ಲಿ ಇವರನ್ನ ಯಾರು ನೋಡ್ಬೇಕು ಹೇಳು!" ಎಂದು ಅವರ ಮಾತಿನ ಧಾಟಿಯನ್ನೇ ಅಣಕಿಸಿದೆ. ಅವಳೂ ನಕ್ಕಳು, ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಗುವಷ್ಟು ನನ್ನ ಹೊಟ್ಟೆ ವಾಸಿಯಾಗಿತ್ತು.

ಆಮೇಲೆ ಅತ್ತೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಕುತೂಹಲ ತೀರಿತು, ಸದ್ಯ ತಲೆ ತಿನ್ನುವುದು ತಪ್ಪಿತು ಅಂದುಕೊಂಡೆ. ನೀರು ಮಾತ್ರ ಬರುತ್ತಲೇ ಇತ್ತು. ಮೆಟ್ಟಿಲು ಹತ್ತುವಾಗ ಅವರು ನಡುವೆ ಬಕೆಟ್ ಇಳಿಸಿ ನಿಲ್ಲುವ ಸದ್ದು ಹಾಸಿಗೆಯಲ್ಲಿದ್ದ ನನಗೆ ಕೇಳುತ್ತಿತ್ತು. ದಿನ ಕಳೆದಂತೆ ಆ ನಿಲ್ಲುವಿಕೆ ಉದ್ದವಾಗುತ್ತಿತ್ತು. ಒಂದು ಸಲ ಎದ್ದು ಹೋಗಿ ಕೈ ಕೊಡೋಣ ಅನ್ನಿಸಿತು. ಆದರೆ ನಾನು ಭಾರ ಎತ್ತಬಾರದವಳಲ್ಲವೇ? ಕಣ್ಣು ಮುಚ್ಚಿ ಮಲಗಿಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಒಂದು ಬೆಳಿಗ್ಗೆ ಬಕೆಟ್ ಇಳಿಸಿದ ಸದ್ದಾಗಲಿಲ್ಲ, ಅದು ಉರುಳಿದ ಸದ್ದಾಯಿತು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಬೀಳುವುದು ಕೇಳಿಸಿತು. ನಾನು ಹಾಸಿಗೆಯಿಂದ ಹಾರಿ, ಬಾಗಿಲು ತೆಗೆದು, ಎರಡೆರಡು ಮೆಟ್ಟಿಲು ಇಳಿದು ಓಡಿದೆ. ಅತ್ತೆ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಪುಣ್ಯಕ್ಕೆ ನೀರು ಅವರ ಮೈಮೇಲೆ ಬಿದ್ದಿರಲಿಲ್ಲ. ಒಂದು ಕೈ ಸೀರೆಯ ಒಳಗಿತ್ತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಏನನ್ನೋ ಒತ್ತುತ್ತಿದ್ದರು.

"ಅತ್ತೆ, ಏನಾಯ್ತು?"

"ಏನಿಲ್ಲ ಕಣಮ್ಮ, ಕೆಳಗಿಳ್ದಿತ್ತು. ಒಳಕ್ಕೆ ತಳ್ಳುದ್ರೆ ಸರಿಹೋಯ್ತದೆ. ನೀನ್ಯಾಕೆ ಹಂಗೆ ಓಡ್ಬಂದೆ, ಹೊಲಿಗೆ ಬಿಟ್ಕಂಡಾತು."

ಗರ್ಭಕೋಶ ಜಾರಿ ಹೊರಗೆ ಬರುವುದರ ಬಗ್ಗೆ ನಾನು ಓದಿದ್ದೆ. ಅದನ್ನು ಹೊತ್ತುಕೊಂಡು ಒಬ್ಬರು ನನ್ನ ಮನೆಯಲ್ಲೇ ಓಡಾಡುತ್ತಿದ್ದಾರೆ ಎಂದು ತಿಳಿದಿರಲಿಲ್ಲ. ಅವರನ್ನು ಹಿಡಿದುಕೊಂಡು ಮೆಲ್ಲಗೆ ಕೆಳಗಿನ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಹಳೇ ಪಂಚೆ ಹರಿದು ಮಡಿಸಿ, ಸೊಂಟಕ್ಕೆ ದಾರ ಕಟ್ಟಿ ಬಿಗಿದುಕೊಂಡಿದ್ದರು. ಆ ಬಟ್ಟೆಯಲ್ಲಿ ಅಲ್ಲಲ್ಲಿ ರಕ್ತದ ಕಲೆ ಇತ್ತು. ಎಷ್ಟು ದಿನದಿಂದ ಅತ್ತೆ ಎಂದು ಕೇಳಿದೆ.

"ದಿನ ಎಲ್ಲಿ ಬಂತು? ನಿನ್ ಗಂಡ ಹುಟ್ಟಿದಾಗಿಂದ. ತೊಟ್ಲಿಗೆ ಹಾಕಿದ ಮಾರ್ನೆ ದಿನವೇ ಸೊಪ್ಪಿನ ಮಡಿಗೆ ನೀರು ಹೊತ್ತೆ. ಆವಾಗ ವಸಿ ಇಳೀತಿತ್ತು, ಮಲಗಿದ್ರೆ ಒಳಕ್ಕೋಗೋದು. ಈಗೀಗ ಹೋಗಲ್ಲ ಅಂತದೆ."

ಅವರ ಸೊಂಟನೋವು, ಮದುವೆ ಮನೆಗಳಲ್ಲಿ ಅವರು ನೆಲದ ಮೇಲೆ ಕೂರದೆ ಗೋಡೆಗೊರಗಿ ನಿಲ್ಲುತ್ತಿದ್ದದ್ದು, ಬಸ್ಸಿನಲ್ಲಿ ದೂರ ಹೋಗಲು ಒಪ್ಪದೆ ಇದ್ದದ್ದು ಎಲ್ಲ ಒಂದೊಂದಾಗಿ ನೆನಪಾದವು. ಬಿಂಕದ ಹೆಂಗಸು ಎಂದು ನಾನು ಎಷ್ಟು ಜನರ ಹತ್ತಿರ ಆಡಿಕೊಂಡಿದ್ದೆನೋ.

ಯಜಮಾನರಿಗೆ ವಿಷಯ ತಿಳಿಸಿದಾಗ ಅವರು ಸುಮ್ಮನೆ ಬೈಕಿನ ಕೀ ತಿರುಗಿಸುತ್ತಾ ನಿಂತರು. "ನಾನ್ ಹುಟ್ಟಿದಾಗಿಂದಾನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು, ನನ್ನ ಮುಂದೆ ಅಮ್ಮ ಬಾಯಿ ಬಿಡುವುದಿಲ್ಲ ಎಂದರು. ಅದು ನಿಜವೇ ಆಗಿತ್ತು.

ಅತ್ತೆ ಬರಲು ಒಪ್ಪಿದ್ದು ನನಗೇ ಆಶ್ಚರ್ಯ. ರಂಪ ಮಾಡುತ್ತಾರೆ, ನಾನು ಗದರಬೇಕಾಗುತ್ತದೆ ಎಂದು ಸಿದ್ಧವಾಗಿ ಹೋಗಿದ್ದೆ. ಅವರು ಆಗಲೇ ರೇಷ್ಮೆ ಅಂಚಿನ ಸೀರೆ ಉಟ್ಟು ತಲೆ ಬಾಚಿಕೊಂಡು ಕೂತಿದ್ದರು. ಕಾರಿನಲ್ಲಿ ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಕೂತಾಗ ಮೆಲ್ಲಗೆ "ನಿಂಗೆ ಮಾಡಿದ ಡಾಕ್ಟ್ರೇ ಅಲ್ವಾ?" ಎಂದು ಕೇಳಿದರು. ಅವರೇ ಎಂದೆ. "ಆ ಮಿಷನ್ನೇ?" ಎಂದರು. ಜಾರಿದ್ದನ್ನು ರೋಬೋಟಿನಲ್ಲೇ ಮೇಲೆತ್ತಿ, ಜಾಲರಿಯಂಥದ್ದನ್ನು ಹೊಲಿದು ನಿಲ್ಲಿಸುತ್ತಾರೆ ಅತ್ತೆ, ನನ್ನ ಹಾಗೇ ಮರುದಿನ ನಡೆಯುತ್ತೀರಿ ಎಂದು ದೊಡ್ಡ ಗಂಟಲಿನಲ್ಲಿ ಭರವಸೆ ಕೊಟ್ಟೆ. ಅದನ್ನು ನಾನು ಹಿಂದಿನ ದಿನ ಓದಿಕೊಂಡಿದ್ದೆ. ಅತ್ತೆ ಕಿಟಕಿಯ ಕಡೆ ತಿರುಗಿದರು, ಆದರೆ ಅವರ ಮುಖ ಅರಳಿದ್ದು ನನಗೆ ಕಂಡಿತು. ಆ ಭರವಸೆಯನ್ನು ನಾನು ಕೊಡಬಾರದಿತ್ತು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. ಆಮೇಲೆ ಶ್ವಾಸಕೋಶದ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಒಂದು ಕೊಳವೆಯೊಳಗೆ ಜೋರಾಗಿ ಊದಿ ಎಂದರು. ಅತ್ತೆ ಒಲೆ ಊದಿ ಪಳಗಿದವರಲ್ಲವೇ, ಹುಮ್ಮಸ್ಸಿನಿಂದಲೇ ಊದಿದರು. ಅರ್ಧಕ್ಕೇ ಕೆಮ್ಮು ಬಂತು. ಮತ್ತೆ ಊದಿಸಿದರು, ಮತ್ತೆ ಕೆಮ್ಮು. ಮಿಕ್ಕ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರಮ್ಮ ನನ್ನನ್ನು ಮಾತ್ರ ಒಳಗೆ ಕರೆದರು.

"ಇವರಿಗೆ ರೋಬೋಟ್ ಆಗಲ್ಲ ಮೇಡಂ. ಗಂಟೆಗಟ್ಟಲೆ ತಲೆ ಕೆಳಗೆ ಮಾಡಿ ಮಲಗಿಸ್ಬೇಕು, ಹೊಟ್ಟೆಗೆ ಗ್ಯಾಸ್ ತುಂಬ್ಬೇಕು. ಹೊಗೆ ಕುಡಿದೂ ಕುಡಿದೂ ಇವರ ಲಂಗ್ಸ್ ಹಾಳಾಗಿದೆ, ತಡ್ಕೊಳಲ್ಲ. ಸದ್ಯಕ್ಕೆ ಒಂದು ರಿಂಗ್ ಹಾಕ್ತೀನಿ, ಅದು ಜಾರದ ಹಾಗೆ ಹಿಡಿದಿಡುತ್ತೆ. ಆಗಾಗ ತೆಗೆದು ತೊಳೀಬೇಕು. ಅದು ನಿಲ್ಲಲಿಲ್ಲ ಅಂದ್ರೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನಿಂದಲೇ ಆಪರೇಷನ್ ಮಾಡೋಣ. ಅದರಲ್ಲೂ ರಿಸ್ಕ್ ಇದ್ದೇ ಇದೆ. ಕೆಲವು ವರ್ಷ ಮೊದಲೇ ಬಂದಿದ್ರೆ ನಿಮಗೆ ಮಾಡಿದ ಹಾಗೇ ಇವರಿಗೂ ಮಾಡಬಹುದಿತ್ತು."

ಆ ಹೊಗೆ ನನ್ನ ಸ್ನಾನದ ಹೊಗೆ ಮಾತ್ರ ಅಲ್ಲ ಎಂದು ನನಗೆ ಗೊತ್ತಿದೆ. ಆ ಹಂಡೆಯ ಮುಂದೆ ಅವರು ಕಳೆದದ್ದು ಒಂದು ಇಡೀ ಆಯುಸ್ಸು. ನನ್ನ ಪಾಲಿನದು ಕೆಲವೇ ವಾರ. ವಿಜ್ಞಾನದ ಮೇಷ್ಟ್ರಮ್ಮನಾಗಿ ಈ ಸಮಾಧಾನವನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಚಕ್ಕುಲಿ ತಿಂದು ಕೈ ಒರೆಸಿಕೊಂಡು, ಹಾಸಿಗೆ ಸೇರಿ, ಅವರು ನೀರು ಹೊತ್ತು ತರುವುದನ್ನು ಕಾಯುತ್ತಿದ್ದ ಹೆಂಗಸು ಯಾವ ಸಮಾಧಾನಕ್ಕೂ ಬಗ್ಗುವುದಿಲ್ಲ.

ರೋಬೋಟ್ ಆಗುವುದಿಲ್ಲವಂತೆ ಎಂದು ಹೇಳಿದಾಗ ಅತ್ತೆ "ಓಹೋ" ಎಂದರು, ಅಷ್ಟೇ. ರಿಂಗ್ ಹಾಕಿಸಿಕೊಂಡರು. ಮೊದಲ ವಾರ ಒತ್ತುತ್ತದೆ ಎಂದು ಮುಖ ಕಿವುಚಿಕೊಂಡು ಓಡಾಡಿದರು, ಆಮೇಲೆ ಒಗ್ಗಿತು. ಬಚ್ಚಲ ಒಲೆಗೆ ಇನ್ನು ಉರಿ ಹಾಕಬಾರದು ಎಂದು ಮಗ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು, ಕೊನೆಗೆ ಗೀಸರ್ ನೀರಿಗೆ ಬೈಯುತ್ತಲೇ ಸ್ನಾನ ಮಾಡತೊಡಗಿದರು. ನಾನು ಶಾಲೆಗೆ ಹೋಗಲು ಶುರು ಮಾಡಿದೆ. ಎಲ್ಲರೂ ಎಷ್ಟು ಚೆನ್ನಾಗಿ ಆಗಿದ್ದೀರಿ, ಆಪರೇಷನ್ ಆದವರ ಹಾಗೇ ಕಾಣುವುದಿಲ್ಲ ಎಂದರು. ನನಗೆ ಆ ಮಾತು ಬೈಗುಳದ ಹಾಗೆ ಕೇಳಿಸುತ್ತಿತ್ತು.

ಅವರೆಕಾಯಿ ಕಾಲ ಬಂದಾಗ ಒಂದು ಭಾನುವಾರ ಸಾರಕ್ಕಿ ಮಾರ್ಕೆಟ್ಟಿನಿಂದ ಒಂದು ಚೀಲ ಕಾಯಿ ತಂದು, ಅತ್ತೆಯ ಮಂಚದ ಪಕ್ಕದಲ್ಲಿ ನೆಲದ ಮೇಲೆ ಸುರಿದುಕೊಂಡು ಬಿಡಿಸುತ್ತಾ ಕೂತೆ. ಅವರು ಮಂಚದ ಮೇಲೆ ಕೂತು ಮೊರದಲ್ಲಿ ಹಾಕಿಕೊಂಡು ಬಿಡಿಸುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನು ಹೇಳದೆ ಇದ್ದರೆ ಆಗುವುದಿಲ್ಲ ಅನ್ನಿಸಿತು.

"ಅತ್ತೆ, ನೀವು ನೀರು ಹುಯ್ತಿದ್ರಲ್ಲ, ಆವಾಗ್ಲೇ ನಂಗೆ ವಾಸಿಯಾಗಿತ್ತು. ಸುಮ್ನೆ ಮಲಗಿದ್ದೆ."

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ನೀನು ಮ್ಯಾಲೆ ದಡದಡ ಓಡಾಡಿದ್ರೆ ನನ್ ತಲೆ ಮ್ಯಾಲೇ ಅಲ್ವಾ."

ನನ್ನ ಮುಖ ಬಿಸಿಯಾಯಿತು. "ಮತ್ತೆ ಯಾಕೆ ದಿನಾ ಅಷ್ಟು ಭಾರ ಹೊತ್ಕೊಂಡು ಬರ್ತಿದ್ರಿ?"

"ಕೇಳಾಣ ಅಂತ ಬತ್ತಿದ್ದೆ" ಎಂದರು. "ನಂಗೂ ಅಂಗೇ ಸಣ್ ತೂತಲ್ಲಿ ಮಾಡ್ತಾರಾ ಅಂತ. ಬರಿಗೈಲಿ ಬಂದು ಏನಂತ ಕೂತ್ಕಳ್ಳಾದು? ನೀರು ತಂದ್ರೆ ನೀನು ಸ್ನಾನಕ್ಕೆ ಕೂತ್ಕಂತಿದ್ದೆ. ಮಾತಾಡಕ್ಕೆ ಹೊತ್ತು ಸಿಗೋದು."

"ನೇರವಾಗಿ ಕೇಳಬಾರದಿತ್ತಾ ಅತ್ತೆ?"

"ಕೇಳಿವ್ನಿ ಅಂತ್ಲೇ ಅಂದ್ಕಂಡಿದ್ದೆ. ಆಮೇಲೆ ಒಂದಿನ ಸೀಗೆಪುಡಿ ಕೊಡಾಣ ಅಂತ ಮೆಟ್ಲು ಹತ್ತಿ ಬಂದೆ. ನೀನು ಫೋನಲ್ಲಿ ಹೇಳ್ಕಂಡು ನಗ್ತಿದ್ದೆ. ಅದಾದ್ಮೇಲೆ ಕೇಳಕ್ಕೆ ಮುಖ ಬರ್ಲಿಲ್ಲ."

ತಪ್ಪಾಯ್ತತ್ತೆ ಎಂದು ಅವರ ಕಾಲು ಹಿಡಿದೆ. ಕಣ್ಣೀರು ಬಂತು. ಅವರು ಕಾಲು ಎಳೆದುಕೊಂಡು, "ಏಳು ಏಳು, ಕಾಯಿ ಎಲ್ಲಾ ಚೆಲ್ಲಿ ಹೋಯ್ತದೆ" ಎಂದು ಗದರಿದರು. ನಾನು ಕಣ್ಣೊರೆಸಿಕೊಂಡು ಮತ್ತೆ ಕಾಯಿ ಕೈಗೆತ್ತಿಕೊಂಡೆ. ಆಮೇಲೆ ಅವರೇ ಕೇಳಿದರು.

"ಹೋಗ್ಲಿ, ಈಗ್ಲಾರ ಹೇಳು. ಅಲ್ಲಿ ಒಳಕ್ಕೆ ಕರ್ಕಂಡು ಹೋದ್ಮೇಲೆ ಹೆಂಗಿತ್ತು?"

ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡದೆ. ಹಸಿರು ಗೌನು ಕೊಟ್ಟದ್ದು, ಮೈತುಂಬ ಹೊದಿಸಿಯೇ ಕರೆದುಕೊಂಡು ಹೋದದ್ದು, ಡಾಕ್ಟರಮ್ಮ ಬಂದು ಕೈ ಹಿಡಿದುಕೊಂಡು ನಿಂತದ್ದು, ಯಾವ ಶಾಲೆಯಲ್ಲಿ ಕೆಲಸ ಎಂದು ಕೇಳಿದ್ದು, ಉತ್ತರ ಹೇಳುವಷ್ಟರಲ್ಲಿ ನಿದ್ದೆ ಬಂದದ್ದು, ಎದ್ದಾಗ ಎಲ್ಲ ಮುಗಿದಿದ್ದದ್ದು, ಭುಜ ನೋಯುತ್ತಿದ್ದದ್ದು. ಅವರು ಕಾಯಿ ಬಿಡಿಸುವುದನ್ನು ಬಿಟ್ಟು, ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ನಾನು ಹೇಳಿ ಮುಗಿಸಿದ ಮೇಲೂ ಇನ್ನೇನೋ ಇದೆ ಎನ್ನುವಂತೆ ಕಾದರು.

"ಅಷ್ಟೇನಾ?" ಎಂದರು ಅತ್ತೆ. "ಅಷ್ಟಕ್ಕಾ ನಾನು ಇಷ್ಟು ವರ್ಷ ಹೆದ್ರಿಕೊಂಡಿದ್ದು?"

ಸುಳ್ಳು ಹೇಳಬಹುದಿತ್ತು. ಬಹಳ ನೋವಾಯಿತು ಅತ್ತೆ, ನಿಮಗೆ ಆಗದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಹೇಳಬಹುದಿತ್ತು.

"ಹೌದತ್ತೆ, ಅಷ್ಟೇ" ಎಂದೆ.